ಬಾಣಂತಿ ಪರದೆಯ ಈಚೆಗೊಂದು ಶಾಲೆ

ಮನೆಯಲ್ಲೇ ಶಾಲೆ ತೆರೆದ ಮೊದಲ ದಿನ ಬೆಲ್ ಹೊಡೆದವನು ನಾನೇ. ಸ್ಟೀಲ್ ತಟ್ಟೆ, ದೊಡ್ಡ ಚಮಚ. ಢಣ್!

ತೊಟ್ಟಿಲಲ್ಲಿದ್ದ ಹಸುಗೂಸು ಎದ್ದಿತು. ಅತ್ತೆ ಎದ್ದರು. ಮಹಡಿ ಮೇಲಿನ ಓನರೂ ಎದ್ದರು.

"ಏನ್ರೀ ಅಳಿಯಂದ್ರ, ಊರಿಗೆ ಬೆಂಕಿ ಬಿದ್ದೈತೇನು?" ಅತ್ತೆ ತಟ್ಟೆ ಕಸಿದುಕೊಂಡರು. ಶಾಲೆಯ ಆಸ್ತಿ ಅಲ್ಲಿಗೆ ಮುಟ್ಟುಗೋಲು.

ವಿಷಯ ಇಷ್ಟು. ಜನವರಿಯಲ್ಲಿ ನನಗೆ ಲಿಂಗಸೂಗೂರಿನಿಂದ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಯಿತು. ಟಿನ್ ಫ್ಯಾಕ್ಟರಿ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ನಡುವರ್ಷದಲ್ಲಿ ಮಕ್ಕಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಹಲಸೂರಿನ ಒಬ್ಬ ಹೆಡ್‌ಮಿಸ್ ಮಾತ್ರ ಕನಿಕರ ತೋರಿದರು.

"ಜೂನಲ್ಲಿ ಬನ್ನಿ. ಮಗನ್ನ ಎರಡನೇ ಕ್ಲಾಸಿಗೆ ಹಾಗೇ ತಗೋತೀವಿ, ಟೆಸ್ಟ್ ಇಲ್ಲ. ಮಗಳಿಗಿದೆ. ಪಾಸಾದ್ರೆ ಐದು, ಇಲ್ಲಾಂದ್ರೆ ಮತ್ತೆ ನಾಲ್ಕು."

ಮತ್ತೆ ನಾಲ್ಕು! ಹತ್ತು ವರ್ಷಕ್ಕೆ ಒಂದನೇ ಕ್ಲಾಸು ಸೇರಿದವನು ನಾನು. ಏಳನೇ ಕ್ಲಾಸಿನ ಹೊತ್ತಿಗೆ ಮೀಸೆ ಬಂದಿತ್ತು. ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರು ನನಗೇ ಮೊದಲು ನಮಸ್ಕಾರ ಮಾಡಿದ್ದರು. ತನಗಿಂತ ಚಿಕ್ಕವರ ನಡುವೆ ಕೂರುವ ಆ ಸಂಕಟ ನನ್ನ ಗಿರಿಜಾಗೆ ಬರಬಾರದು. ಅಷ್ಟೇ ನನ್ನ ಆಸೆ.

ಪಾಠ ಹೇಳಬೇಕಾದವಳು ನನ್ನ ಹೆಂಡತಿ ಶಾಂತಾ. ಬಿ.ಎಸ್ಸಿ. ಓದಿದವಳು. ಆದರೆ ಈಗ ಬಾಣಂತಿ. ಕಿವಿಯಲ್ಲಿ ಹತ್ತಿ, ತಲೆಗೆ ಸ್ಕಾರ್ಫ್, ಮಂಚದ ಸುತ್ತ ಹಳೇ ಸೀರೆಯ ಪರದೆ. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ ಎಂಬುದು ಅತ್ತೆಯ ಕಾನೂನು. (ಗೋಡೆಯ ಕ್ಯಾಲೆಂಡರನ್ನೂ ತಿರುಗಿಸಿ ಹಾಕಿದ್ದರು.) ಹಾಗಾಗಿ ಮೇಷ್ಟ್ರ ಕೆಲಸ ನನ್ನ ತಲೆಗೆ ಬಂತು. ಈ ಅಂಕಣವನ್ನೇ ಒಂದು ಬೆರಳಲ್ಲಿ ಹುಡುಕಿ ಹುಡುಕಿ ಟೈಪ್ ಮಾಡುವವನಿಗೆ!

ಮಧ್ಯಾಹ್ನ ಶಿಫ್ಟು, ಬೆಳಿಗ್ಗೆ ಶಾಲೆ. ಒಂದು ಕಾಲು ತೊಟ್ಟಿಲ ಹಗ್ಗದಲ್ಲಿ, ಒಂದು ಕೈ ಪುಸ್ತಕದಲ್ಲಿ. ಕೂಸು ಮಲಗಿದರೆ ಪಿಸುಮಾತಿನ ಸಮಾಜ ವಿಜ್ಞಾನ, ಎದ್ದರೆ ಗಟ್ಟಿಯಾಗಿ ಮಗ್ಗಿ. ಭಿನ್ನರಾಶಿ ಬರುವವರೆಗೆ ಎಲ್ಲ ಚೆನ್ನಾಗಿತ್ತು.

"ಅಪ್ಪಾಜಿ, ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?"

"ಮೂರಕ್ಕಿಂತ ನಾಕು ದೊಡ್ಡದಲ್ಲೇನವ್ವಾ? ಮತ್ತ ನಾಕನೇ ಒಂದೇ ದೊಡ್ಡದು. ಬರಕೋ."

ಪರದೆ ಅಲುಗಿತು. ಒಳಗಿಂದ ಶಾಂತಾಳ ದನಿ.

"ಗಿರಿಜಾ, ಒಂದು ರೊಟ್ಟಿನ ಮೂರು ಮಂದಿ ಹರಕೊಂಡ್ರ ಹೆಚ್ಚು ಬರ್ತದೋ, ನಾಕು ಮಂದಿ ಹರಕೊಂಡ್ರೋ?"

ಮಗಳು ನನ್ನ ಮುಖ ನೋಡಿದಳು. ನಾನು ತೊಟ್ಟಿಲು ನೋಡಿದೆ.

ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ಏನು ಓದಾಕತ್ತೀಯೇ?"

"ಓದಿಲ್ಲ ಯವ್ವಾ, ರೊಟ್ಟಿ ಮಾತಾಡಿದೆ."

"ಹಸಿವಾಗೈತೇನು? ಮೊದ್ಲೇ ಹೇಳಬಾರದಾ!" ಬಿಸಿ ರೊಟ್ಟಿ ಬಂತು, ತುಪ್ಪ ಬಂತು.

ಅಲ್ಲಿಂದ ಐದನೇ ಕ್ಲಾಸಿನ ಸಿದ್ಧತೆ ಪೂರ್ತಿ ಪರದೆ ಹಿಂದಿನಿಂದಲೇ ನಡೆಯಿತು. ಪುಸ್ತಕವಿಲ್ಲ, ಕಣ್ಣು ಮುಚ್ಚಿಕೊಂಡೇ ಪಾಠ. ಕಾನೂನು ಮುರಿಯಲಿಲ್ಲ, ಕಣ್ಣೂ ಹೋಗಲಿಲ್ಲ. ತೊಟ್ಟಿಲು ಮತ್ತು ಎರಡನೇ ಕ್ಲಾಸಿಗೆ ಹೋಗಬೇಕಾದ ಮಗ ಬಸುವಿನ ಪಾಠ ನನ್ನ ಪಾಲಿಗೆ ಉಳಿದವು.

ಕಳೆದ ವಾರ ಟೆಸ್ಟ್ ಇತ್ತು; ಬಸುವೂ ಜೊತೆಗೆ ಬಂದಿದ್ದ. ಹೆಡ್‌ಮಿಸ್ ಗಿರಿಜಾಳ ಉತ್ತರ ನೋಡಿ ತಲೆ ಎತ್ತಿದರು. "ಐದನೇ ಒಂದಕ್ಕಿಂತ ಆರನೇ ಒಂದು ಚಿಕ್ಕದು ಅಂತ ಬರ್ದಿದೀಯಲ್ಲ, ಯಾಕಮ್ಮಾ?"

ನಾನು ಬೆರಳು ಮಡಚಿ ಮಡಚಿ ರೊಟ್ಟಿ ಹಂಚಿ ನೋಡತೊಡಗಿದೆ; ಹೆಡ್‌ಮಿಸ್ ಅದನ್ನೂ ಗಮನಿಸಿದರು.

"ಮಂದಿ ಹೆಚ್ಚಾದ್ರ ಪಾಲು ಸಣ್ಣದಾಗ್ತದ ಮಿಸ್. ನಮ್ಮನ್ಯಾಗ ಕೂಸು ಹುಟ್ಟಿದ ಮ್ಯಾಲೆ ನಂಗ ಚಾದರನೇ ಸಾಲವಲ್ದು."

ಹೆಡ್‌ಮಿಸ್ ನಕ್ಕುಬಿಟ್ಟರು. "ಐದನೇ ಕ್ಲಾಸಿಗೇ ಕೂತ್ಕೋ. ಯಾರು ಹೇಳ್ಕೊಟ್ಟಿದ್ದು?"

ನಾನು ಕಾಲರ್ ಸರಿಮಾಡಿಕೊಂಡೆ.

"ಅವ್ವ," ಅಂದಳು ಗಿರಿಜಾ.

ಇರಲಿ. ಗೆದ್ದವಳು ನನ್ನ ಮಗಳೇ ತಾನೇ? ಕಣ್ಣು ಒರೆಸಿಕೊಂಡು, ಮಕ್ಕಳ ಕೈ ಹಿಡಿದು ಹೊರಟೆ. ಹೆಡ್‌ಮಿಸ್ ಪೆನ್ನಿನ ಕ್ಯಾಪ್ ಹಾಕುತ್ತಾ ಪ್ರೀತಿಯಿಂದ ಕೇಳಿದರು, "ನಿಂಗೂ ಅಮ್ಮನೇ ಹೇಳ್ಕೊಟ್ರೇನೋ ಪುಟ್ಟಾ?"

"ಇಲ್ಲ ಮಿಸ್," ಬಸು ಎದೆಯುಬ್ಬಿಸಿದ. "ನಂಗ ಅಪ್ಪಾಜಿ!"

ಅವರು ಕ್ಯಾಪ್ ಮತ್ತೆ ತೆಗೆದರು. "ಹೌದಾ? ಹಾಗಾದ್ರೆ ಸ್ವಲ್ಪ ಕೂತ್ಕೊಳ್ಳಿ ಸಾರ್, ಇವನಿಗೂ ಒಂದು ಟೆಸ್ಟ್ ಕೊಟ್ಟೇಬಿಡೋಣ."