ಬ್ಯಾರನ್ನಿನಲ್ಲಿ ಬಚ್ಚಿಟ್ಟ ಡ್ರಿಲ್ ಮೇಷ್ಟ್ರು

ನಾನು ಚಿಕ್ಕವಳಿದ್ದಾಗ ನಮ್ಮ ಹುಣಸೂರಿನ ಕಡೆ ದೊಡ್ಡವರು ಯಾರೂ ಸುಮ್ಮನೆ ಓಡುತ್ತಿರಲಿಲ್ಲ ಮಕ್ಕಳೇ. ಬಣವೆಗೆ ಬೆಂಕಿ ಬಿದ್ದಿರಬೇಕು, ಇಲ್ಲವೇ ಯಾರೋ ತೀರಿಕೊಂಡಿರಬೇಕು. ಓಡುವವರನ್ನು ಕಂಡರೆ ತಡೆದು, ಏನಾಯಿತೆಂದು ಕೇಳುವುದೇ ಮರ್ಯಾದೆ.

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮಾತ್ರ ದಿನಾ ಓಡುತ್ತಿದ್ದರು. ಅವರು ಜರ್ಮನಿಯ ಯೆಹೂದಿ. ಯೆಹೂದಿ ಎಂಬ ಒಂದೇ ಕಾರಣಕ್ಕೆ ಅಲ್ಲಿ ಅವರನ್ನು ಮೈದಾನದಿಂದ ಹೊರಗೆ ಹಾಕಿದ್ದರು, ಅವರ ಅಣ್ಣನನ್ನು ಹಿಡಿದುಕೊಂಡು ಹೋಗಿದ್ದರು. ಯೆಹೂದಿಗಳೇ ಪರದೇಶದಲ್ಲಿ ನಡೆಸಿದ ಓಟದ ಪಂದ್ಯಕ್ಕೆ ಹೋದವರು ವಾಪಸು ಹೋಗದೆ, ಹಡಗು ಹತ್ತಿ ಇಲ್ಲಿಗೆ ಬಂದು ಬದುಕಿಕೊಂಡರು. ಎರಡನೆಯ ಮಹಾಯುದ್ಧ ಶುರುವಾದಾಗ ಇಲ್ಲಿನ ಬ್ರಿಟಿಷ್ ಸರ್ಕಾರದ ಕಡತ ಅವರನ್ನು ಜರ್ಮನ್, ಅಂದರೆ ಶತ್ರು ಎಂದಿತು. ದಿನಾ ಸಂಜೆ ಆರರೊಳಗೆ ಹುಣಸೂರು ಠಾಣೆಯಲ್ಲಿ ಸಹಿ ಹಾಕಬೇಕು. ಒಮ್ಮೆ ತಡವಾಗಿತ್ತು. ಇನ್ನೊಮ್ಮೆ ತಡವಾದರೆ ಸೆರೆಶಿಬಿರ.

ಆ ಶನಿವಾರ ಅಪ್ಪ, ನಾನು, ಮೇಷ್ಟ್ರು ಹನಗೋಡಿನ ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಪೆಟ್ರೋಲಿಲ್ಲದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು. ಹುಣಸೂರು ಇನ್ನೂ ಮೂರು ಮೈಲಿ ಇರುವಾಗ ಕೆಮ್ಮಿ ನಿಂತಿತು. "ಈಗ ಒಂಟೋಯ್ತದೆ, ಕೂತ್ಕಳಿ ಸ್ವಾಮಿ" ಎಂದು ಕಂಡಕ್ಟರ್ ಕಾಲು ಗಂಟೆ ಹೇಳುತ್ತಲೇ ಇದ್ದ. ಆಗಲೇ ಐದೂವರೆ. ಅಪ್ಪನಿಗೆ ಕಾಲು ಕುಂಟು.

"ನೀವು ಓಡಿ ಮೇಷ್ಟ್ರೇ" ಎಂದ ಅಪ್ಪ ನನಗೆ ಹೇಳಿದರು: "ನೀನೂ ಹೋಗು ಮಗಳೇ. ಅವರಿಗೆ ಕನ್ನಡ ಸಾಲದು. ಯಾರಾದ್ರೂ ತಡೆದ್ರೆ ಬಿಡಿಸಿ ಹೇಳು."

ನಾನು ಎಷ್ಟು ಓಡಿದರೂ ಹಿಂದೆಯೇ ಬಿದ್ದೆ. ಬಾಯಿ ತುಂಬ ಧೂಳು, ಗಂಟಲಲ್ಲಿ ಹೊಗೆಸೊಪ್ಪಿನ ಘಾಟು. ದಾರಿಯ ಹಳ್ಳಿ ತಲುಪುವಷ್ಟರಲ್ಲಿ ಮೇಷ್ಟ್ರು ಕಾಣಲಿಲ್ಲ. ಜಗುಲಿಯ ಮೇಲೆ ಒಬ್ಬಜ್ಜಿ, ನಾಲ್ಕು ಜನ ರೈತರು ಏನೂ ಆಗದವರಂತೆ ಕೂತಿದ್ದರು.

"ಮೇಷ್ಟ್ರು…" ಎಂದೆ. ಮುಂದಕ್ಕೆ ಉಸಿರೇ ಬರಲಿಲ್ಲ.

"ಯಾವ್ ಮೇಷ್ಟ್ರು? ಇಲ್ಲಿಗ್ಯಾರೂ ಬಂದಿಲ್ಲ ಕಣವ್ವ" ಎಂದಳು ಅಜ್ಜಿ. "ಮೊದ್ಲು ಮಜ್ಜಿಗೆ ಕುಡಿ."

ಆಗ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಳಗಿಂದ ಬಾಗಿಲು ಬಡಿಯುವ ಸದ್ದು ಕೇಳಿತು. ಯಾಕೆ ಓಡುತ್ತೀರೆಂದು ಇವರು ಕೇಳಿದ್ದಾರೆ, ಮೇಷ್ಟ್ರು "ಪೊಲೀಸ್" ಎಂದಿದ್ದಾರೆ. ಪೊಲೀಸರು ಅಟ್ಟಿಸಿಕೊಂಡು ಬರುತ್ತಿದ್ದಾರೆಂದು ಪಾಪ ಈ ಜನ ಅವರನ್ನು ಕಾಪಾಡಲು ಒಳಗೆ ತಳ್ಳಿ ಚಿಲಕ ಹಾಕಿಬಿಟ್ಟಿದ್ದರು.

"ಠಾಣೆಗೇ ಹೋಗ್ಬೇಕು ಅವ್ರು" ಎಂದು ಹೇಳುವಷ್ಟರಲ್ಲಿ ಎಷ್ಟು ಹೊತ್ತಾಯಿತೋ.

"ಯಾರಾರ ತಾವಾಗೇ ಠಾಣೆಗೆ ಓಡ್ತಾರಾ? ಯಾರಿಗ್ ಏಳ್ತೀಯ ಬುಡು" ಎಂದು ಒಬ್ಬ ನಕ್ಕ. ನಾನು ಅತ್ತುಬಿಟ್ಟೆ. ಆಮೇಲೆ ಚಿಲಕ ತೆಗೆದರು. ಮೇಷ್ಟ್ರ ಮುಖ ಸುಣ್ಣದಂತಿತ್ತು, ಬಾಗಿಲು ಬಡಿದ ಕೈಯಲ್ಲಿ ರಕ್ತ. ಯಾರನ್ನೂ ಬೈಯದೆ ಓಡಿದರು.

ನಾನು ಠಾಣೆ ಸೇರಿದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. "ಆರೂ ಐದಕ್ಕೆ ಬಂದ್ರು. ಸಹಿ ಪುಸ್ತಕ ಸಾಹೇಬ್ರ ಬೀರೂಗೆ ಓಯ್ತು ಕಣವ್ವ, ನಾನೇನ್ ಮಾಡ್ಲಿ" ಎಂದ ದಫೇದಾರ. ನಾಲ್ಕನೆಯ ದಿನ ಅವರನ್ನು ಸೆರೆಶಿಬಿರಕ್ಕೆ ಒಯ್ಯಲು ಲಾರಿ ಬಂತು.

ಯುದ್ಧ ಮುಗಿದ ಮೇಲೆ ಅಪ್ಪನಿಗೆ ಅವರ ಕಾಗದ ಬಂತು. ಶಿಬಿರದ ಬೇಲಿಯೊಳಗೆ ದಿನಾ ಸುತ್ತು ಓಡಿ ತಲೆ ಕೆಡದಂತೆ ಉಳಿದೆ ಎಂದು ಬರೆದಿದ್ದರು. ನನಗೆ ಸಮಾಧಾನವಾಗಲಿಲ್ಲ. ಕಾಲೇಜಿನಲ್ಲಿ ಆ ಯುದ್ಧದ ಚರಿತ್ರೆ ಓದುವಾಗಲೂ ಕಿವಿಯಲ್ಲಿ ಆ ಬಾಗಿಲೇ ಬಡಿಯುತ್ತಿತ್ತು.

ಈಗ ನಿಮ್ಮ ಓಟದ ಪಂದ್ಯಕ್ಕೆ ಸುಣ್ಣದ ಗೆರೆ ಎಳೆದಿರುತ್ತಾರೆ, ಒಳ್ಳೆಯ ಬೂಟುಗಳಿರುತ್ತವೆ, ಜನ ಆಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಅಜ್ಜಿ ಯಾಕೆ ಚಪ್ಪಾಳೆ ತಟ್ಟುವುದಿಲ್ಲ ಎಂದು ಕೇಳುತ್ತೀರಲ್ಲ, ನೀವು ಎಷ್ಟನೆಯವರಾಗಿ ಬಂದಿರೆಂದು ನಾನು ನೋಡುವುದೇ ಇಲ್ಲ. ಆಚೆ ನಿಂತ ಜನರಲ್ಲಿ ಯಾರಾದರೂ ನಿಮ್ಮನ್ನು ತಡೆಯಲು ಗೆರೆಯೊಳಗೆ ಕಾಲಿಡುತ್ತಾರೇನೋ ಎಂದು ಅವರನ್ನೇ ನೋಡುತ್ತಿರುತ್ತೇನೆ.