ಪಂಪಮ್ಮನ ಎರಡು ಫೋಟೊ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನದೊಂದು ಝರಾಕ್ಸ್ ಅಂಗಡಿ. ಪಕ್ಕದ್ದು ಮರುಳಪ್ಪನವರ ಫೋಟೊ ಸ್ಟುಡಿಯೊ. ನಡುವೆ ಇರುವುದು ಬರೀ ಹಲಗೆಯ ಗೋಡೆ, ಹಾಗಾಗಿ ಅವರು ನಿಟ್ಟುಸಿರು ಬಿಟ್ಟರೂ ನನಗೆ ಕೇಳುತ್ತದೆ. ಎರಡು ಸಾವಿರದ ಏಳನೇ ಇಸವಿಯಲ್ಲಂತೂ ಅದನ್ನು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಆಗ ಅವರಿಗೆ ಐವತ್ತೈದು. ಕುತ್ತಿಗೆ ನೋವು, ದಪ್ಪ ಕನ್ನಡಕ. ಮೂವತ್ತು ವರ್ಷ ಊರವರ ಮುಖ ನೋಡಿ ನೋಡಿ ದಣಿದ ಮನುಷ್ಯ. ಆದರೆ ಅವರ ಹಟ ಮಾತ್ರ ದಣಿದಿರಲಿಲ್ಲ. ಇದ್ದ ಮುಖವನ್ನು ಇದ್ದ ಹಾಗೇ ಕೊಡಬೇಕು ಎಂಬುದು ಆ ಹಟ. ಬೇರೆ ಸ್ಟುಡಿಯೊಗಳಿಗೆ ಕಂಪ್ಯೂಟರ್ ಬಂದದ್ದೇ ತಡ, ತಾಲ್ಲೂಕಿನ ಮದುಮಕ್ಕಳೆಲ್ಲ ರಾತ್ರೋರಾತ್ರಿ ಬೆಳ್ಳಗಾದರು. ಇವರ ಹತ್ತಿರ ಬಂದು "ಸ್ವಲ್ಪ ಬೆಳ್ಳಗ ಮಾಡ್ರಿ" ಅಂದರೆ, "ಅದನ್ನ ನಿಮ್ಮ ಅಪ್ಪ ಅವ್ವನ್ನ ಕೇಳಬೇಕಿತ್ತು" ಅಂದುಬಿಡುತ್ತಿದ್ದರು. ಗಿರಾಕಿಗಳು ಕಡಿಮೆಯಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇದ್ದ ಗಿರಾಕಿಗಳೂ ಸುಮ್ಮನೆ ಕೂರುವವರಲ್ಲ. ಮೇಜು ಸುತ್ತಿ ಬಂದು, ಇವರ ಹೆಗಲ ಮೇಲೆ ಬಗ್ಗಿ, ಎಲೆ ಅಡಿಕೆ ಅಗಿಯುತ್ತ ಇವರ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಹೇಳಬೇಕು. ಬೇಸತ್ತ ಮರುಳಪ್ಪ ಇನ್ನೊಂದು ಮಾನಿಟರ್ ತಂದು, ಬೆಂಚಿನ ಕಡೆ ಮುಖ ಮಾಡಿ ಇಟ್ಟರು. ಇವರದು ಹಳೆಯ ಡಬ್ಬಿ ಮಾನಿಟರ್, ಗಿರಾಕಿಗಳದು ಹೊಸದಾಗಿ ಬಂದ ಚಪ್ಪಟೆಯ ಅಗಲ ಪರದೆ. ಮೊದಲ ದಿನ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಅರ್ಧವೇ ಕಾಣಿಸಿತು. ಮಾರಿದವನಿಗೆ ಫೋನ್ ಮಾಡಿದರು. "ಎರಡಕ್ಕೂ ಒಂದೇ ರೆಸಲ್ಯೂಷನ್, ಅಂದ್ರ ಒಂದೇ ಅಳತಿ ಇಡ್ರಿ, ಸರಿಹೋಕ್ಕತಿ" ಎಂದ. ಇಟ್ಟರು. ಎರಡು ಪರದೆಯೂ ತುಂಬಿದವು. ಇವರು ಕೂತ ಜಾಗದಿಂದ ಆ ಇನ್ನೊಂದರ ಬೆನ್ನು ಮಾತ್ರ ಕಾಣುತ್ತಿತ್ತು. ಎದ್ದು ಹೋಗಿ ನೋಡಲು ಕುತ್ತಿಗೆ ಬಿಡಬೇಕಲ್ಲ.

ಅದೇ ವಾರ ಕಾನಹೊಸಹಳ್ಳಿ ಕಡೆಯಿಂದ ಗಾಳೆಮ್ಮ ಬಂದಳು. ಕೂಲಿ ಮಾಡುವ ಹೆಂಗಸು. ಇಪ್ಪತ್ತೆರಡರ ಮಗಳು ಪಂಪಮ್ಮ ಜಡ್ಡಿನಲ್ಲಿ ಕರಗಿ ಕರಗಿ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಆಕೆಯದು ಅಂತ ಇದ್ದದ್ದು ಒಂದೇ ಫೋಟೊ. ಆಸ್ಪತ್ರೆಯ ಅರ್ಜಿಗೆ ಬೇಕೆಂದು ಇದೇ ಮರುಳಪ್ಪನವರೇ ತೆಗೆದದ್ದು. ಹಿರಿಯರ ಅಮಾವಾಸ್ಯೆ ಹತ್ತಿರ ಬಂದಿತ್ತು.

"ಗ್ವಾಡಿಗೆ ಫೋಟೊ ಇಲ್ಲಂದ್ರ ಯಾರ ಮುಂದ ಎಡಿ ಇಡ್ಲಿ, ಯಪ್ಪಾ? ದೊಡ್ಡದು ಮಾಡಿ ಕಟ್ಟು ಹಾಕಿ ಕೊಡು."

ಮರುಳಪ್ಪ ಚಿತ್ರ ತೆರೆದರು. ಬೆಂಚಿನ ಕಡೆಯ ಅಗಲ ಪರದೆಯಲ್ಲೂ ಅದು ಮೂಡಿತು. ಆಮೇಲೆ ಗಾಳೆಮ್ಮನ ದನಿ ಹಲಗೆ ದಾಟಿ ಬಂತು. "ಯವ್ವಾ, ನನ್ನ ಕೂಸ! ಗಲ್ಲ ತುಂಬ್ಯಾವು ನೋಡು. ಜಡ್ಡು ಬರಾಕ ಮದ್ಲು ಹಿಂಗ ಇದ್ಲು. ಥೇಟ್ ಹಿಂಗ."

"ಇದ್ದಂಗ ಐತಿ ಬಿಡಬೇ," ಅಂದರು ಮರುಳಪ್ಪ, ತಮ್ಮ ಡಬ್ಬಿ ನೋಡುತ್ತ. "ಸೋಮವಾರ ಬಾ."

ಮರುದಿನ ಅರುಣಕುಮಾರ ಎಂಬ ಮದುಮಗ ಆಲ್ಬಂ ತಂದು ಮೇಜಿನ ಮೇಲೆ ಕುಕ್ಕಿದ. "ತೋರ್ಸಿದ್ದೊಂದು, ಕೊಟ್ಟಿದ್ದೊಂದು. ಇಲ್ಲಿ ಎಲ್ರೂ ತೆಳ್ಳಗ ಅದಾರ. ಮುಖ ಬದಲು ಮಾಡೀರೇನ್ರಿ?" ಮೂವತ್ತು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ಅಂದು ಅವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಭಾನುವಾರ ನನ್ನನ್ನು ಕರೆದರು. ತಮ್ಮದೇ ಪಾಸ್‌ಪೋರ್ಟ್ ಫೋಟೊ ತೆರೆದಿಟ್ಟು, ಮೊಟ್ಟಮೊದಲ ಸಲ ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದರು. "ಲೇ ಗಂಗಾಧರ, ನನ್ನ ಮುಖ ಹಿಂಗ ಐತೇನು?" ಪರದೆಯ ಮೇಲಿದ್ದವರು ವರ್ಷವಿಡೀ ಹೋಳಿಗೆ ಉಂಡ ಮರುಳಪ್ಪ. ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ.

ಹೆಂಡತಿಯ ಒಂದು ಬಳೆಯನ್ನು ಜೇಬಿನಲ್ಲಿ ತಂದಿದ್ದರು. ಅದನ್ನು ಡಬ್ಬಿಯ ಗಾಜಿಗೆ ಒತ್ತಿ ಹಿಡಿದು, ಕಂಪ್ಯೂಟರಿನಲ್ಲಿ ಅಷ್ಟೇ ದೊಡ್ಡ ವೃತ್ತ ಬರೆದರು. ಅದೇ ಬಳೆಯನ್ನು ಅಗಲ ಪರದೆಗೆ ಹಿಡಿದರೆ ಎಡಕ್ಕೂ ಬಲಕ್ಕೂ ವೃತ್ತ ಹೊರಗೆ ಚಾಚಿತ್ತು. ಲೆಕ್ಕ ಹಾಕಿದರು. ಚೌಕದ ಪರದೆಯ ಅಳತೆಯನ್ನೇ ಅಗಲದ್ದಕ್ಕೂ ಕೊಟ್ಟಿದ್ದರಿಂದ, ಅದು ಪ್ರತಿ ಮುಖವನ್ನೂ ನೂರಕ್ಕೆ ಇಪ್ಪತ್ತರಷ್ಟು ಅಗಲಕ್ಕೆ ಹಿಗ್ಗಿಸುತ್ತಿತ್ತು. ಎರಡನ್ನೂ ಬೇರ್ಪಡಿಸಿ ಒಂದೊಂದಕ್ಕೂ ಅದರದೇ ಅಳತೆ ಕೊಡುವಷ್ಟರಲ್ಲಿ ಸಂಜೆಯಾಯಿತು. ಕೊನೆಗೆ ಎರಡೂ ಕಡೆ ವೃತ್ತ ಬಳೆಯಷ್ಟೇ ದುಂಡಗಾಯಿತು. "ಆತು ನೋಡು," ಅಂದು ಕುತ್ತಿಗೆ ಹಿಡಿದುಕೊಂಡು ಅಲ್ಲೇ ಒರಗಿದರು. ಅವರ ಮುಖದಲ್ಲಿ ನೆಮ್ಮದಿ ಕಂಡು ಎಷ್ಟು ದಿನವಾಗಿತ್ತೋ.

ಸೋಮವಾರ ಗಾಳೆಮ್ಮ ಬಂದಾಗ ನಾನು ಸ್ಟುಡಿಯೊದ ಬಾಗಿಲಲ್ಲೇ ನಿಂತಿದ್ದೆ. ಕಟ್ಟು ಹಾಕಿದ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

"ಇದಲ್ಲ ಯಪ್ಪಾ. ಅವತ್ತು ತೋರ್ಸಿದಿಯಲ್ಲ, ಅದು."

"ಅದೇ ಇದು ಯವ್ವಾ. ನೋಡು ಬೇಕಾದ್ರ." ಚಿತ್ರವನ್ನು ಬೆಂಚಿನ ಕಡೆಯ ಪರದೆಗೆ ಸರಿಸಿದರು. ಅಲ್ಲಿಯೂ ಈಗ ಕೆನ್ನೆ ಒಳಗೆ ಹೋದ, ಗದ್ದ ಚೂಪಾದ, ಆಸ್ಪತ್ರೆಗೆ ಹೊರಟ ಪಂಪಮ್ಮ.

"ಅವತ್ತಿನ ಮುಖ ಎಲ್ಲಿ ಹೋತು?"

"ಅವತ್ತು ಇದು ಕೆಟ್ಟಿತ್ತಬೇ. ಎಲ್ಲಾರ್ನೂ ದಪ್ಪ ತೋರ್ಸ್ತಿತ್ತು. ನಿನ್ನಿ ದುರಸ್ತಿ ಮಾಡೀನಿ."

ಗಾಳೆಮ್ಮ ಪರದೆಯನ್ನೇ ನೋಡುತ್ತ ಕೂತಳು. ಜಗಳ ತೆಗೆಯಲಿಲ್ಲ. "ಯಾಕ ಮಾಡಿದೆಪ್ಪಾ ದುರಸ್ತಿ?" ಅಂದಳು. "ಜಡ್ಡಿನ ಮುಖದ ಮುಂದ ಎಡಿ ಹೆಂಗ ಇಡ್ಲಿ? ಕಡೀಕ ಆಕಿ ಒಂದ್ ತುತ್ತೂ ನುಂಗ್ತಿದ್ದಿಲ್ಲ."

ಮರುಳಪ್ಪ ಏನಾದರೂ ಅನ್ನುತ್ತಾರೆ ಅಂದುಕೊಂಡೆ. ಇದ್ದ ಮುಖ, ಇದ್ದ ಹಾಗೆ, ಅಂತ. ಅವರು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಹತ್ತಿರ ಹೋಗಿ ಇಣುಕಿದೆ. ಎತ್ತರವನ್ನು ಹಾಗೇ ಬಿಟ್ಟು, ಚಿತ್ರದ ಅಗಲ ಬರೆಯುವ ಮನೆಯಲ್ಲಿ ನೂರರ ಜಾಗಕ್ಕೆ ನೂರಾ ಇಪ್ಪತ್ತು ಎಂದು ಒತ್ತುತ್ತಿದ್ದರು. ಪರದೆಯ ಮೇಲೆ ಪಂಪಮ್ಮನ ಕೆನ್ನೆ ತುಂಬಿಕೊಂಡವು.

"ಹ್ಞಾ," ಅಂದಳು ಗಾಳೆಮ್ಮ. "ಬಂದ್ಲು."

ಪ್ರಿಂಟ್ ಬಂತು. ಮೊದಲಿನದನ್ನು ಬಿಚ್ಚಿ, ಅದೇ ಕಟ್ಟಿನೊಳಗೆ ಹೊಸದನ್ನು ಕೂರಿಸಿ ಮೊಳೆ ಬಡಿದರು. ಗಾಳೆಮ್ಮ ಅದನ್ನು ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬಸ್ಸಿಗೆ ನಡೆದಳು.

ಮೇಜಿನ ಮೇಲೆ ಹಳೆಯ ಪ್ರಿಂಟ್ ಉಳಿದಿತ್ತು. ನನ್ನ ಅಂಗಡಿಯ ರದ್ದಿ ಡಬ್ಬಕ್ಕೆ ಹಾಕೋಣವೆಂದು ಕೈ ಚಾಚಿದೆ.

"ಇರ್ಲಿ ಬಿಡೋ," ಅಂದರು ಮರುಳಪ್ಪ, ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತ. "ಆಕಿ ಮಗಳನ್ನ ಆಕಿ ತಗಂಡು ಹೋದ್ಲು. ಇದು ನಾನು ತೆಗ್ದಿದ್ದು. ನನಗಿರ್ಲಿ."