ಸೋನಾಬಾಯಿ ಹೊಲಿದ ದೋಣಿ

ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಒಂದು ತಾಸಿನ ಹಾದಿ. ಆ ಒಂದು ತಾಸಿನ ಹಾದಿಯನ್ನು ದಾಟಲಾರದೆ ಸೋನಾಬಾಯಿ ವರ್ಷದ ಮೇಲಾಗಿ ಮನೆಯಲ್ಲೇ ಕೂತಿದ್ದಳು. ಕೂತಿದ್ದಳು ಅನ್ನುವುದು ಬರೀ ಮಾತಿಗೆ. ಕೂಡಲು ಪುರಸೊತ್ತು ಸಿಕ್ಕಿದ್ದರೆ ಅವಳು ರೈಲಿನಲ್ಲೇ ಹೋಗಿ ಕೂತಿರುತ್ತಿದ್ದಳು.

ಬೆಳಗಾವಿಯ ಶಹಾಪುರದಲ್ಲಿ ಅವಳ ತಂಗಿ ಕಾಂತಾಳ ಮನೆ. ಮದುವೆಯಾಗಿ ಬಹಳ ಕಾಲದ ಮೇಲೆ ಕಾಂತಾಳಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಆ ಮಗುವಿನ ತೊಟ್ಟಿಲಿಗೆಂದು ಸೋನಾಬಾಯಿ ಹಳೆಯ ಸೀರೆಗಳನ್ನು ಕೂಡಿಸಿ ಪುಟ್ಟ ಕೌದಿ ಹೊಲಿದಿಟ್ಟಿದ್ದಳು. ಕೌದಿ ಟ್ರಂಕಿನಲ್ಲೇ ಉಳಿಯಿತು. ಮಗು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಎದ್ದು ನಿಂತಿತು ಎಂದು ರೈಲಿನಿಂದ ಇಳಿದವರ ಬಾಯಲ್ಲಿ ಸುದ್ದಿ ಮಾತ್ರ ಬರುತ್ತಿತ್ತು. "ಇನ್ನಷ್ಟು ತಡಾ ಮಾಡು. ಆ ಕೂಸ ನಡಕೋತ ಬಂದು ತನ್ನ ಕೌದಿ ತಾನ ಒಯ್ತೇತಿ" ಎಂದು ಅತ್ತೆ ಶಾಂತಾಬಾಯಿಯೇ ಅಂದಿದ್ದಳು.

ಗಂಡ ತವನಪ್ಪ ಬೇಡ ಅಂದವನಲ್ಲ. ಕೇಳಿದಾಗಲೆಲ್ಲ "ಹೋಗೂಣು, ಹೋಗೂಣು" ಅನ್ನುತ್ತಿದ್ದ. ಆ ಮಾತಿಗೆ ದಿನ, ವಾರ ಇರಲಿಲ್ಲ. ಒತ್ತಿ ಕೇಳಿದರೆ ಎಮ್ಮೆಯ ಕಡೆ ಕೈ ತೋರಿಸುತ್ತಿದ್ದ. ಎಮ್ಮೆ ಸೋನಾಬಾಯಿಯ ಕೈಗೆ ಮಾತ್ರ ಹಾಲು ಬಿಡುತ್ತಿತ್ತು. ಎಮ್ಮೆ ಸಾಲದಿದ್ದರೆ ಧರ್ಮವಿತ್ತು. ಅವರದು ಜೈನರ ಮನೆ. ಕುಡಿಯುವ ನೀರನ್ನು ಎರಡು ಪದರಿನ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ನೀರು ಸೇದಿದ ಬಾವಿಗೇ ಮೆಲ್ಲಗೆ ಇಳಿಸಿ ಬರಬೇಕು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಮುಳುಗಿದ ಮೇಲೆ ತುತ್ತು ಬಾಯಿಗಿಲ್ಲ. ಈ ನೇಮವನ್ನು ಇಡೀ ಮನೆ ಪಾಲಿಸುತ್ತಿತ್ತು. ಅದರ ಕೆಲಸವನ್ನು ಸೋನಾಬಾಯಿ ಒಬ್ಬಳೇ ಮಾಡುತ್ತಿದ್ದಳು.

ಇಂಥ ಮನೆಯ ಯಜಮಾನ ಮೀನು ಹಿಡಿಯುವ ದೋಣಿ ಕಟ್ಟಲು ಕೂತ.

ತವನಪ್ಪನದು ಕಟ್ಟಿಗೆಯ ವ್ಯಾಪಾರ. ಅವನ ಮಾಲನ್ನು ಘಟ್ಟದ ಕೆಳಗೆ ಒಯ್ಯುತ್ತಿದ್ದವನು ಗಾಡಿಯ ಕಾಸಿಮಸಾಬ. ೧೯೨೬ರ ಮಳೆಗಾಲ ಕಳೆದು ಹಾದಿ ತೆರೆದ ಮೇಲೆ ಕಾಸಿಮಸಾಬ ಕಾರವಾರದಿಂದ ಒಂದು ಸುದ್ದಿ ತಂದ.

"ಸಾವ್ಕಾರ್ರ, ನೀವು ಹುಡುಗರಿದ್ದಾಗ ಅಳತಿ ತಗೊಂಡಿದ್ರಲ್ಲಾ, ಆ ಮುದಿ ದೋಣಿ, ಅದು ಖತಂ ಆತು. ಮಳ್ಯಾಗ ಬಿರದು, ಈಗ ಹಲಗಿ ಎಲ್ಲಾ ಒಲಿ ಹೊಕ್ಕಾವ."

ತವನಪ್ಪ ಅಂದು ಸರಿಯಾಗಿ ಉಣ್ಣಲಿಲ್ಲ. ಹದಿಹರೆಯದಲ್ಲಿ ಅಪ್ಪನ ಗಾಡಿಗಳ ಜೊತೆ ಕಡಲಿಗೆ ಇಳಿದಾಗ ಆ ದೋಣಿಯನ್ನು ಅವನು ಕಂಡಿದ್ದ. ಆ ದಂಡೆಯಲ್ಲಿ ಅದಕ್ಕಿಂತ ಹಳೆಯದು ಇರಲಿಲ್ಲ. ಒಂದು ಮೊಳೆಯಿಲ್ಲದೆ, ಹಲಗೆಗೆ ಹಲಗೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ್ದು. ಹಲಗೆಗಳು ಖಾನಾಪುರದ ಕಾಡಿನವೆಂದು ಅಪ್ಪ ಹೇಳಿದ್ದ. ಆ ಹುರುಪಿನಲ್ಲಿ ಹುಡುಗ ಒಂದು ದಾರ ಹಿಡಿದು, ದೋಣಿಯ ಉದ್ದ, ಅಗಲ, ಹೊಟ್ಟೆಯ ಸುತ್ತಳತೆಗಳನ್ನೆಲ್ಲ ಗಂಟು ಹಾಕಿ ಗುರುತು ಮಾಡಿಕೊಂಡು ಬಂದಿದ್ದ.

"ಅದರ ಆಕಾರನಾರ ಉಳೀಬೇಕು. ಮೊಳಕ್ಕ ಎರಡು ಬೆರಳು ಹಿಡದು ಸಣ್ಣದು ಮಾಡ್ತೇನಿ" ಎಂದ.

ಶಾಂತಾಬಾಯಿ ಜಪಮಾಲೆ ಕೆಳಗಿಟ್ಟಳು. "ನಿಮ್ಮಪ್ಪ ಮೀನದ ಬುಟ್ಟಿ ಬಾಜು ಹೋದ್ರ ಮೂಗ ಮುಚ್ಕೋತಿದ್ದ. ನೀ ನನ್ನ ಮನ್ಯಾಗ ಮೀನಾ ಹಿಡಿಯೂ ದೋಣಿ ಮಾಡ್ತಿ?"

"ಬಲಿ ಹೆಣಿಯೂದಿಲ್ಲ ಅವ್ವಾ. ಬರೇ ದೋಣಿ."

"ಬಲಿ ಇಲ್ಲದ ದೋಣಿ ಏನ್ ಮಾಡ್ತೇತಿ?"

"ತೇಲತೇತಿ."

"ಎಲ್ಲಿ, ನನ್ನ ತಲಿ ಮ್ಯಾಲ?"

ಗಂಟಿನ ದಾರ ಎಲ್ಲಿದೆ ಎಂಬುದು ತವನಪ್ಪನಿಗೆ ಗೊತ್ತಿರಲಿಲ್ಲ. ಅಟ್ಟ ಹತ್ತಿದ, ಪೆಟ್ಟಿಗೆ ಬೋರಲು ಹಾಕಿದ, ಯಾರೋ ಎತ್ತಿ ಒಗೆದಿದ್ದಾರೆ ಎಂದು ಕೂಗಾಡಿದ. ಸೋನಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹುಣಸಿಹಣ್ಣಿನ ಭರಣಿ ಬಾಯಿಗೆ ಕಟ್ಟೇನಿ ನೋಡ್ರಿ" ಎಂದಳು.

"ಅಯ್ಯ! ಗಂಟು?"

"ಅದಾವ. ಅಷ್ಟ ಗಂಟು ಬಿಚ್ಚಾಕ ನನಗ ಪುರಸೊತ್ತು ಎಲ್ಲಿತ್ತು?"

ಕಡಲ ದಂಡೆಯಲ್ಲಿ ಬೂದಿಯಾದ ದೋಣಿಯ ಅಳತೆ ಹೀಗೆ ಹುಣಸೆಹಣ್ಣಿನ ಭರಣಿಯ ಮೇಲೆ ಉಳಿದಿತ್ತು.

ಅತ್ತೆ ಒಳಗೆ ಬಿಡದ್ದರಿಂದ ದೋಣಿ ಎಮ್ಮೆಯ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಏಳತೊಡಗಿತು. ತವನಪ್ಪನ ಕೈ ಚೆನ್ನಾಗಿತ್ತು, ಇಲ್ಲವೆನ್ನಲಾಗದು. ಹಲಗೆಗಳನ್ನು ತಾಳೆಗರಿಯ ಹಾಗೆ ತೆಳ್ಳಗೆ ಸೀಳಿದ; ಒಳಗಿನ ಪಕ್ಕೆಗಳನ್ನು ಒಂದೊಂದಾಗಿ ಕೆತ್ತಿದ; ಹುಟ್ಟುಗಳನ್ನು ಉಜ್ಜಿ ನುಣುಪು ಮಾಡಿದ. ಆದರೆ ಹಲಗೆ ಬಾಗಲು ಹಬೆ ಬೇಕು, ಹಬೆಗೆ ಒಲೆ ಬೇಕು, ಒಲೆಯ ಮುಂದೆ ಸೋನಾಬಾಯಿ ಇದ್ದಳು. ಅನ್ನದ ಪಾತ್ರೆಯ ಮೇಲೆ ಮುಚ್ಚಳದ ಬದಲು ದೋಣಿಯ ಹಲಗೆ ಕೂತಿತು. ಬಾಗಿದ ಹಲಗೆಯನ್ನು ಸುತ್ತಿ ಕಟ್ಟಲು ಲಟ್ಟಣಿಗೆ ಹೋಯಿತು. ಮರದ ಹೊಟ್ಟು ಎಮ್ಮೆಯ ಮೇವಿನಲ್ಲೂ ಮೊರದ ಅಕ್ಕಿಯಲ್ಲೂ ಬಿತ್ತು. ಅಂಗಳದಲ್ಲಿ ನಿಂತು ನೋಡಿದವರಿಗೆ ತವನಪ್ಪ, "ಯಾರದೂ ಕೈ ಹಚ್ಚಿಸಿಕೊಂಡಿಲ್ಲ, ಎಲ್ಲಾ ನಾನ ಒಬ್ಬಾವ್ನ" ಎಂದು ಹೇಳುತ್ತಿದ್ದ. ಹೇಳುವಾಗ ಅವನ ಕೈಯಲ್ಲಿ ಹೆಂಡತಿ ತಂದುಕೊಟ್ಟ ಮಜ್ಜಿಗೆಯ ತಂಬಿಗೆ ಇರುತ್ತಿತ್ತು.

ಚಳಿಗಾಲ ಕಾಲಿಡುವಾಗ ಬೆಳಗಾವಿಯ ಟಿಳಕವಾಡಿಯ ಒಂದು ಸಾಲೆಯಲ್ಲಿ ಕೈಗೆಲಸದ ಪ್ರದರ್ಶನ ನಡೆಯುತ್ತದೆಂದು ಸುದ್ದಿ ಬಂತು. ತವನಪ್ಪ ದೋಣಿಯನ್ನು ಕಳಿಸುತ್ತೇನೆಂದು ಹೇಳಿಕಳಿಸಿದ. ಸೋನಾಬಾಯಿಯ ಎದೆ ಹಗುರಾಯಿತು. ದೋಣಿ ಬೆಳಗಾವಿಗೆ ಹೋದರೆ ತಾನೂ ಹೋದ ಹಾಗೆಯೇ ಎಂದುಕೊಂಡು ಟ್ರಂಕಿನಿಂದ ಕೌದಿ ತೆಗೆದು ಬಿಸಿಲಿಗೆ ಹರವಿದಳು.

ಉಳಿದದ್ದು ಹೊಲಿಗೆ. ಹಲಗೆಗಳ ಅಂಚಿಗೆ ಬೈರಿಗೆಯಿಂದ ಸಣ್ಣ ತೂತುಗಳ ಸಾಲು ಕೊರೆದು, ಸಂದಿಯ ಮೇಲೆ ನಾರಿನ ಎಳೆಯಿಟ್ಟು, ಅದರ ಮೇಲೆ ಅಡ್ಡಡ್ಡ ಹೊಲಿಯಬೇಕು. ತವನಪ್ಪ ಸೂಜಿ ಹಿಡಿದ. ಮೊದಲು ದಾರ ಹರಿಯಿತು, ಆಮೇಲೆ ಬೆರಳು. ಮೂರು ಹೊಲಿಗೆಗೆ ಮೂರು ಬಗೆಯ ಗಂಟು ಬಿತ್ತು. ಕಡೆಗೆ ಕೊಟ್ಟಿಗೆಯಿಂದ ಕೂಗಿದ: "ಏ, ಇಲ್ಲಿ ಬಾ ಸ್ವಲ್ಪ. ಇದೇನ್ ದೊಡ್ಡ ಕೆಲಸಲ್ಲ, ನಿನಗ ಬರೂವಂಥಾದ್ದ."

ಸೋನಾಬಾಯಿ ಸೂಜಿ ತೆಗೆದುಕೊಂಡಳು. ಹುರಿಯನ್ನು ಬಿಚ್ಚಿ ಮತ್ತೆ ತೆಳ್ಳಗೆ ಹೊಸೆದಳು. ಕೌದಿಗೆ ಹಾಕುವ ಹೊಲಿಗೆಯನ್ನೇ ಹಾಕಿದಳು. ಆದರೆ ಕೌದಿ ಮಡಚುತ್ತದೆ, ದೋಣಿ ಮಡಚುವುದಿಲ್ಲ. ಹೊರಗಿನಿಂದ ಒಬ್ಬರು ಚುಚ್ಚಿದರೆ ಒಳಗಿನಿಂದ ಇನ್ನೊಬ್ಬರು ಎಳೆಯಬೇಕು. ತವನಪ್ಪ ಎದುರು ಕೂತು ಎಳೆಯತೊಡಗಿದ.

"ಹೊತ್ತು ಇಳೀತು, ನಾ ಒಲಿ ಮುಂದ ಹೋಗತೇನಿ" ಎಂದು ಅವಳು ಏಳುವಳು.

"ಈ ಸಾಲು ಮುಗಸ."

"ಮುಗಸತೇನಿ. ನೀರು ಯಾರು ಸೋಸತಾರ?"

ಹೀಗೆ ತವನಪ್ಪ ನೀರು ಸೋಸಲು ಕಲಿತ. ಸೋಸಿದ ಬಟ್ಟೆ ಹಿಡಿದು ಬಾವಿಗೆ ಹೋಗುವುದನ್ನು ಕಲಿತ. ಇನ್ನೊಂದು ಸಾಲಿನ ಆಸೆಗೆ ಎಮ್ಮೆಯ ಕೆಳಗೂ ಕೂತ. ಎಮ್ಮೆ ಮೊದಲು ಒದೆಯಿತು, ಆಮೇಲೆ ವಾಸನೆ ನೋಡಿತು, ಕಡೆಗೆ ಹಾಲು ಬಿಟ್ಟಿತು. ಶಾಂತಾಬಾಯಿ ಹಿತ್ತಲ ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ನೋಡಿದಳು.

ಹೊಲಿಗೆ ಮುಗಿಯಿತು. ಎರಡು ಮೊಳದ ದೋಣಿ ಕೊಟ್ಟಿಗೆಯಲ್ಲಿ ನಿಂತರೆ ಎಮ್ಮೆ ಕೂಡ ಅದರತ್ತ ಮೋರೆ ಮಾಡಿ ಮೆಲುಕು ಹಾಕುತ್ತಿತ್ತು. ಆ ಸಂಜೆ ಊಟಕ್ಕೆ ಕೂತ ತವನಪ್ಪ ಹೇಳಿದ:

"ನಾಡಿದ್ದ ರೈಲಿಗೆ ನಾ ದೋಣಿ ತಗೊಂಡು ಹೋಗತೇನಿ. ಪ್ರದರ್ಶನ ಮುಗಿಯೂತನಾ ಅಲ್ಲೇ ಇರತೇನಿ."

"ನಾನು?" ಎಂದಳು ಸೋನಾಬಾಯಿ.

"ಎಮ್ಮಿ ಐತಲ್ಲ. ಅವ್ವ ಒಬ್ಬಾಕಿನ ಆಗತಾಳ. ಮುಂದಿನ ಸಲ ಹೋಗೂಣು."

ಸೋನಾಬಾಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಂದೂ ಬಿಸಿಲಿಗೆ ಹರವಿದ್ದ ಕೌದಿಯನ್ನು ಮಡಚಿ ಒಳಗೆ ತಂದಳು. ಟ್ರಂಕಿಗೆ ಮಾತ್ರ ಹಾಕಲಿಲ್ಲ.

ಮರುದಿನವೆಲ್ಲ ಒಣಗಾಳಿ ಬೀಸಿತು. ಹೊರಡುವ ಬೆಳಿಗ್ಗೆ ಕಾಸಿಮಸಾಬ ಗಾಡಿ ತಂದು ನಿಲ್ಲಿಸಿದ. ತವನಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ದೋಣಿಯನ್ನು ಎತ್ತಿದ. ಬೆಳಕು ಅದರೊಳಗಿಂದ ಆಚೆ ಹಾದುಹೋಗುತ್ತಿತ್ತು. ಹಲಗೆಗಳು ಕುಗ್ಗಿ ಒಂದನ್ನೊಂದು ಬಿಟ್ಟು ನಿಂತಿದ್ದವು. ಹೊಲಿಗೆ ಸಡಿಲವಾಗಿ ಜೋಲುತ್ತಿತ್ತು.

"ಅಯ್ಯಯ್ಯ, ಏನಾತಿದು!"

ಸೋನಾಬಾಯಿ ಬಂದು ಬಾಗಿ ನೋಡಿದಳು. "ಕಟ್ಟಿಗಿ ಒಣಗೇತ್ರಿ. ಹೊಲಿಗಿ ದಿನಾ ಬಿಗೀಬೇಕಾಗತೈತಿ. ನಾ ತೋರಸ್ತೇನಿ, ನೀವ ಬಿಗೀರಿ ಅಲ್ಲಿ."

ತವನಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಅವುಗಳ ಮೇಲೆ ಸೂಜಿಯ ಗುರುತು ಇನ್ನೂ ಮಾಸಿರಲಿಲ್ಲ. "ನನ್ನ ಕೈಲೆ ಆಗೂದಿಲ್ಲ" ಎಂದ. "ನೀನೂ ಬಾ. ಆದ್ರ ಎಮ್ಮಿ…" ಎಂದು ಎಳೆದ.

ಶಾಂತಾಬಾಯಿ ಹೊಸಿಲ ಮೇಲೆ ಬಂದಿದ್ದಳು. ಅವಳ ಕಂಕುಳಲ್ಲಿ ಆಗಲೇ ಒಂದು ಗಂಟು ಇತ್ತು. "ಎಮ್ಮಿ ಈಗ ನಿನ್ನ ಕೈಗೂ ಹಾಲು ಬಿಡತೈತಿ, ನಾ ನೋಡೇನಿ. ನೀರು ಸೋಸಾಕ ಬರತೈತಿ. ನೀ ಮನಿ ನೋಡಕೋ. ಹೊಲಿಗಿ ಮಾಡಾಕಿ ದೋಣಿ ಜೋಡಿ ಹೋಗಲಿ. ಹೆಣ್ಣಮಗಳು ಒಬ್ಬಾಕಿ ಹೆಂಗ ಹೋಗತಾಳ, ಜೋಡಿ ನಾ ಬರತೇನಿ."

"ಅವ್ವಾ! ಮೀನಾ ಹಿಡಿಯೂ ದೋಣಿ ಜೋಡಿ ನೀ?"

"ಬಲಿ ಇಲ್ಲಂದ್ಯಲ್ಲ."

ಕಾಸಿಮಸಾಬ ಎತ್ತಿನ ಕಡೆ ತಿರುಗಿ ನಗು ಮುಚ್ಚಿಕೊಂಡು ಸೋನಾಬಾಯಿಗೆ ಅಂದ: "ವೈನಿ, ಲಗೂನ ಹತ್ತರಿ. ರೈಲು ಸಾವ್ಕಾರ್ರ ಸಲುವಾಗಿ ನಿಂದರೂದಿಲ್ಲ."

ರೈಲಿನಲ್ಲಿ ದೋಣಿ ಸೋನಾಬಾಯಿಯ ತೊಡೆಯ ಮೇಲಿತ್ತು. ಅದರ ಹೊಟ್ಟೆಯೊಳಗೆ ಕೌದಿ ಮಡಚಿ ಮಲಗಿತ್ತು. ದೇಸೂರು ದಾಟಿದ ಮೇಲೆ ಅತ್ತೆ ಕೇಳಿದಳು:

"ಖರೇ ಹೇಳು, ಹೊಲಿಗಿ ತಾನ ಸಡ್ಲಾತೋ, ನೀ ಸಡ್ಲ ಬಿಟ್ಟಿದ್ದಿಯೋ?"

"ಒಣಗಿದ್ರ ಸಡ್ಲ ಆಗೂದ ಅತ್ತಿ."

"ಎಣ್ಣಿ ಕುಡಿಸಿದ್ರ ಸಡ್ಲ ಆಗತಿತ್ತೇನು?"

"ಇಲ್ಲ."

"ಮತ್ತ ಯಾಕ ಕುಡಸಲಿಲ್ಲ?"

"ಎಣ್ಣಿ ಕುಡಸಂತ ಅವರು ಹೇಳಲಿಲ್ಲಲ್ಲ. ಎಲ್ಲಾ ಅವರ ಒಬ್ಬಾವ್ರ ಮಾಡಿದ್ದು. ನಾ ಯಾಕ ನಡಕ ಬಾಯಿ ಹಾಕಲಿ?"

ಮುದುಕಿ ಸೆರಗು ಬಾಯಿಗೆ ಹಿಡಿದು ಬೆಳಗಾವಿ ಬರುವವರೆಗೂ ನಕ್ಕಳು.

ಶಹಾಪುರದ ಮನೆಯಲ್ಲಿ ಕಾಂತಾ ಬಾಗಿಲು ತೆರೆದಾಗ ಮಗು ಅವಳ ಸೀರೆ ಹಿಡಿದು ನಿಂತಿತ್ತು. ಸೋನಾಬಾಯಿ ದೋಣಿಯನ್ನು ನೆಲಕ್ಕಿಟ್ಟು ಕೈ ಚಾಚಿದಳು. ಮಗು ಅವಳನ್ನು ನೋಡಿತು, ದೋಣಿಯನ್ನು ನೋಡಿತು, ಸೀರೆ ಬಿಟ್ಟು ತೂರಾಡುತ್ತ ದೋಣಿಯ ಕಡೆಗೇ ನಡೆದು ಬಂತು. ನಡುವೆ ಮುಗ್ಗರಿಸಿ ದೊಡ್ಡಮ್ಮನ ತೋಳಿಗೆ ಬಿತ್ತು. ಆಮೇಲೆ ಬಹಳ ಹೊತ್ತು ಯಾರಿಗೂ ಪ್ರದರ್ಶನದ ನೆನಪಾಗಲಿಲ್ಲ.

ಅಲ್ಲಿಯ ಸುದ್ದಿಯನ್ನು ಕೆಲವು ದಿನ ಬಿಟ್ಟು ಖಾನಾಪುರಕ್ಕೆ ಮುಟ್ಟಿಸಿದವನು ಬೆಳಗಾವಿಗೆ ಮಾಲು ಹಾಕಿ ಬಂದ ಕಾಸಿಮಸಾಬ. ಅವನು ಬಂದಾಗ ತವನಪ್ಪ ಒಲೆಯ ಮುಂದೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಹೊಗೆಯ ಕಣ್ಣೀರು. ಹಿಂದಿನ ಸಂಜೆ ರೊಟ್ಟಿ ಬೇಯುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಗಿ ಅವನು ಉಪವಾಸ ಮಲಗಿದ್ದ. ಅದರ ಹಿಂದಿನ ಸಂಜೆಯೂ ಹಾಗೆಯೇ.

"ದೋಣಿ ಭಾರಿ ನಡದೈತ್ರಿ ಸಾವ್ಕಾರ್ರ. ಮಂದಿ ಸುತ್ತ ನಿಂತು ನೋಡತಾರ. ಒಬ್ಬ ಕೇಳಿದ, ಬಲಿ ಎಲ್ಲಿ ಅಂತ. ನಿಮ್ಮ ಅವ್ವ ಅಂದ್ರು, ಇದು ಮೀನಾ ಬರೇ ಮಾತಾಡಿಸಿ ಬರೂ ದೋಣಿ ಅಂತ."

ತವನಪ್ಪನಿಗೆ ನಗು ಬಂತು, ಹೊಗೆ ಸೇರಿ ಕೆಮ್ಮೂ ಬಂತು. "ಹೊಲಿಗಿ ಹೆಂಗ ಐತಿ?"

"ಬಿಗಿ ಐತ್ರಿ, ಕಲ್ಲ ಇದ್ದಂಗ."

"ಮತ್ತ ಪ್ರದರ್ಶನ ನಾಳೆ ಮುಗೀತೈತಲ್ಲ. ಆಕಿ ಯಾವಾಗ ಬರತಾಳಂತ?"

ಕಾಸಿಮಸಾಬ ಎತ್ತಿನ ಹಗ್ಗವನ್ನು ಕೈಗೆ ಸುತ್ತಿ ಬಿಚ್ಚಿದ. "ನಾನೂ ಕೇಳಿದ್ನಿರಿ. ವೈನಿ ಕೂಸಿಗೆ ಉಣಸಾಕತ್ತಿದ್ರು. ತಲಿ ಎತ್ತಲಿಲ್ಲ. ಬರೂಣು, ಬರೂಣು ಅಂದ್ರು."

"ಯಾವಾಗ ಅಂತ ಹೇಳಲಿಲ್ಲ?"

"ಇಲ್ಲರಿ. ಅಷ್ಟ ಅಂದ್ರು."

ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ತವನಪ್ಪ ಪಡುವಣದ ಕಡೆ ನೋಡಿದ. ಹೊತ್ತು ಮಾವಿನ ಮರದ ನೆತ್ತಿಗೆ ಬಂದಿತ್ತು. ರೊಟ್ಟಿ ಇನ್ನೂ ಬಡಿಯಬೇಕಾಗಿತ್ತು. ಬಾವಿಗೆ ಇಳಿಸಬೇಕಾದ ಸೋಸುವ ಬಟ್ಟೆ ಹೆಗಲ ಮೇಲೇ ಇತ್ತು. ಅವನು ಚರಿಗೆ ಎತ್ತಿಕೊಂಡು ಮೊದಲು ಎಮ್ಮೆಯ ಕಡೆಗೆ ಓಡಿದ.